ಓದುಗರ ಪ್ರಶ್ನೆಗಳಿಗೆ ಉತ್ತರ: ಬೆರಗಾದಾಗ ಬಾಯಿಗೆ ಬರುವ ಮಾತುಗಳು

ಅಚ್ಚರಿಯಾದಾಗ ನಮ್ಮ ಬಾಯಿಂದ ತಾವಾಗಿಯೇ ಹೊರಬೀಳುವ ಮಾತುಗಳನ್ನು ಕುರಿತು ಪ್ರಶ್ನೆಗಳನ್ನು ಕಳುಹಿಸಬೇಕೆಂದು ಹಿಂದಿನ ಸಂಚಿಕೆಯಲ್ಲಿ ಕೋರಿದ್ದೆವು. ಒಂದೇ ವಿಷಯವನ್ನು ಕೇಳಿದ ಪತ್ರಗಳನ್ನು ಒಟ್ಟುಗೂಡಿಸಿ, ಕೆಲವಕ್ಕೆ ವಿವರವಾಗಿಯೂ ಕೆಲವಕ್ಕೆ ಚುಟುಕಾಗಿಯೂ ಇಲ್ಲಿ ಉತ್ತರಿಸಲಾಗಿದೆ.

ಪ್ರಶ್ನೆ: ನಮ್ಮ ಅತ್ತೆಯವರು ಶುಭ ಸುದ್ದಿ ಕೇಳಿದರೂ ಮೊದಲು ‘ಅಯ್ಯೋ’ ಎನ್ನುತ್ತಾರೆ. ಮೊಮ್ಮಗಳಿಗೆ ಕೆಲಸ ಸಿಕ್ಕಿತೆಂದು ತಿಳಿಸಿದಾಗಲೂ ‘ಅಯ್ಯೋ, ಹೌದೇನೇ!’ ಎಂದರು. ಅಯ್ಯೋ ಎಂಬುದು ಯಮನ ಹೆಂಡತಿಯ ಹೆಸರು, ಹಾಗೆ ಕೂಗಬಾರದು ಎಂದು ನೆರೆಮನೆಯವರು ಆಕ್ಷೇಪಿಸುತ್ತಾರೆ. ಇದರಲ್ಲಿ ಹುರುಳಿದೆಯೇ? — ಓದುಗರು, ತುಮಕೂರು

ಉತ್ತರ: ಮೊದಲು ಯಮನ ಹೆಂಡತಿಯ ವಿಚಾರವನ್ನು ಮುಗಿಸಿಬಿಡೋಣ. ಮಹಾಭಾರತದಲ್ಲಿ ಯಮನ ಪತ್ನಿಯ ಹೆಸರು ಧೂಮೋರ್ಣೆ. ‘ಅಯ್ಯೋ’ ಆಕೆಯ ಹೆಸರೆಂಬುದು ಮಕ್ಕಳು ಮಾತುಮಾತಿಗೂ ಗೋಳಾಡದಿರಲೆಂದು ಹಿರಿಯರು ಹೇಳಿಕೊಂಡು ಬಂದ ಮಾತೆಂದು ತೋರುತ್ತದೆ. ಹೆದರಿಸುವುದಕ್ಕೆ ಅದು ಸೊಗಸಾದ ಉಪಾಯವೇ ಹೌದು, ಆದರೆ ಪದದ ಹುಟ್ಟಿಗೂ ಅದಕ್ಕೂ ಸಂಬಂಧವಿಲ್ಲ.

‘ಅಯ್ಯ’ ಎಂದರೆ ತಂದೆ, ಒಡೆಯ, ಗುರು. ಹನ್ನೆರಡನೆಯ ಶತಮಾನದ ವಚನಕಾರರು ತಮ್ಮ ದೈವವನ್ನೂ ಎದುರಿಗಿದ್ದ ಶರಣನನ್ನೂ ಕರೆಯುತ್ತಿದ್ದುದು ಇದೇ ಪದದಿಂದ. ಆ ಅಯ್ಯನನ್ನು ದೂರದಿಂದ ಕೂಗಿ ಕರೆದಾಗ ಕೊನೆಗೆ ‘ಓ’ ಸೇರುತ್ತದೆ. ಅಂದರೆ ‘ಅಯ್ಯೋ’ ಮೂಲತಃ ಒಂದು ಕರೆ. ಕರೆಯುವ ಕಾರಣ ದುಃಖವಾಗಿರಬಹುದು, ಗಾಬರಿಯಾಗಿರಬಹುದು, ಹಿಗ್ಗೂ ಆಗಿರಬಹುದು. ಕಾರಣ ಯಾವುದೆಂದು ತಿಳಿಸುವ ಹೊಣೆ ಪದದ ಮೇಲಿಲ್ಲ. ಅದನ್ನು ಉಚ್ಚರಿಸುವ ದನಿ ತಿಳಿಸುತ್ತದೆ. ‘ಅಯ್ಯೋ ಪಾಪ’ ಎಂಬಲ್ಲಿ ದನಿ ಇಳಿಯುತ್ತದೆ. ‘ಅಯ್ಯೋ, ಬನ್ನಿ ಬನ್ನಿ, ಹೊರಗೇ ನಿಂತಿರಲ್ಲ’ ಎಂದು ಅನಿರೀಕ್ಷಿತವಾಗಿ ಬಂದ ನೆಂಟರನ್ನು ಬರಮಾಡಿಕೊಳ್ಳುವಾಗ ಅದೇ ದನಿ ಏರುತ್ತದೆ. ‘ಅಯ್ಯೋ, ಅದಕ್ಕೇನಂತೆ, ಬಿಡಿ’ ಎಂಬಲ್ಲಿ ಅದು ಏರದೆ ಇಳಿಯದೆ, ಎದುರಿನವರ ಸಂಕೋಚವನ್ನು ಕಳೆಯುವುದಕ್ಕಷ್ಟೇ ಬಂದು ಹೋಗುತ್ತದೆ. ನಿಮ್ಮ ಅತ್ತೆಯವರ ‘ಅಯ್ಯೋ, ಹೌದೇನೇ!’ ಎರಡನೆಯ ಬಗೆಯದು.

2016ರಲ್ಲಿ ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟು ಈ ಪದಕ್ಕೆ ಪ್ರವೇಶ ನೀಡಿದಾಗ, ಅದು ದಕ್ಷಿಣ ಭಾರತ ಮತ್ತು ಶ್ರೀಲಂಕಾದಲ್ಲಿ ದುಃಖ, ಸಂಕಟ, ವಿಷಾದಗಳನ್ನು ಸೂಚಿಸುತ್ತದೆ ಎಂದು ವಿವರಿಸಿತು. ವಿವರಣೆ ತಪ್ಪಲ್ಲ, ಆದರೆ ಅರ್ಧ ಮಾತ್ರ. ನಮ್ಮ ಶಾಲೆಯ ವ್ಯಾಕರಣ ಪುಸ್ತಕಗಳಲ್ಲಿಯೂ ‘ಅಯ್ಯೋ’ ಎಂದರೆ ದುಃಖ, ‘ಅಬ್ಬಾ’ ಎಂದರೆ ಆಶ್ಚರ್ಯ, ‘ಆಹಾ’ ಎಂದರೆ ಮೆಚ್ಚುಗೆ ಎಂದು ಒಂದೊಂದು ಪದಕ್ಕೆ ಒಂದೊಂದು ಭಾವವನ್ನು ಹಂಚಿಕೊಡುವ ರೂಢಿಯಿದೆ. ಪರೀಕ್ಷೆಗೆ ಅದು ಅನುಕೂಲವೇ ಹೊರತು, ಯಾರ ಮನೆಯ ಜಗಲಿಯಲ್ಲೂ ಮಾತು ಹಾಗೆ ನಡೆಯುವುದಿಲ್ಲ. ಅತ್ತೆಯವರನ್ನು ಅವರಷ್ಟಕ್ಕೆ ಬಿಡುವುದು ಒಳಿತು.

ಪ್ರಶ್ನೆ: ನೋವಾದಾಗ ‘ಅಮ್ಮಾ’ ಎನ್ನುತ್ತೇವೆ, ದೊಡ್ಡದೇನನ್ನಾದರೂ ಕಂಡಾಗ ‘ಅಬ್ಬಾ’, ‘ಅಪ್ಪಾ’ ಎನ್ನುತ್ತೇವೆ. ಸಂಕಟಕ್ಕೆ ತಾಯಿ, ಬೆರಗಿಗೆ ತಂದೆ ಎಂಬ ವಿಭಜನೆ ಕನ್ನಡದ ವೈಶಿಷ್ಟ್ಯವೇ? ಅಥವಾ ಕಾಕತಾಳೀಯವೇ? — ಓದುಗರು, ವಿಜಯಪುರ

ಉತ್ತರ: ಕಾಲಿಗೆ ಮುಳ್ಳು ಚುಚ್ಚಿದರೆ ‘ಅಮ್ಮಾ’, ಎದುರಿಗೆ ಲಾರಿ ನುಗ್ಗಿ ಬಂದರೆ ‘ಅಪ್ಪಾ’ ಎಂಬ ಮಾತು ಭಾಷಣಗಳಲ್ಲಿಯೂ ಹರಿಕಥೆಗಳಲ್ಲಿಯೂ ಚಪ್ಪಾಳೆ ಗಿಟ್ಟಿಸುವಂಥದ್ದು. ಮೊದಲ ಅರ್ಧಕ್ಕೆ ಹೆಚ್ಚು ತಕರಾರಿಲ್ಲ. ಎರಡನೆಯ ಅರ್ಧ ಮಾತ್ರ ನಿಮ್ಮ ಜಿಲ್ಲೆಯಲ್ಲಿಯೇ ಕುಸಿದು ಬೀಳುತ್ತದೆ. ಗೋಲಗುಮ್ಮಟದ ಒಳಗೆ ಮೆಟ್ಟಿಲುಗಳನ್ನು ಹತ್ತಿ, ಪಿಸುಮಾತೂ ಎದುರು ಬದಿಗೆ ಕೇಳಿಸುವ ಆ ಮೊಗಸಾಲೆಗೆ ಮೊದಲ ಬಾರಿ ಕಾಲಿಟ್ಟ ಹಳ್ಳಿಯ ಹೆಣ್ಣುಮಕ್ಕಳ ಗುಂಪೊಂದು ಕೆಳಗಿಣುಕಿ ನೋಡುವಾಗ ‘ಯಪ್ಪಾ’ ಎನ್ನುವವರೂ ಇರುತ್ತಾರೆ, ‘ಯವ್ವಾ’ ಎನ್ನುವವರೂ ಇರುತ್ತಾರೆ, ‘ಯವ್ವಾ, ನಮ್ಮವ್ವಾ’ ಎಂದು ಎರಡೆರಡು ಸಲ ತಾಯಿಯನ್ನು ಕರೆಯುವವರೂ ಇರುತ್ತಾರೆ. ಗುಮ್ಮಟ ಯಾವ ಭೇದವನ್ನೂ ಮಾಡದೆ ಎಲ್ಲವನ್ನೂ ಹಲವು ಸಲ ಮರುನುಡಿಯುತ್ತದೆ.

ನೆರೆಯ ಭಾಷೆಗಳನ್ನು ನೋಡಿದರೂ ಇದೇ ಕಥೆ. ತೆಲುಗರು ದೊಡ್ಡದನ್ನು ಕಂಡು ‘ಅಮ್ಮೋ’ ಎನ್ನುತ್ತಾರೆ, ‘ಬಾಬೋಯ್’ ಎಂದೂ ಎನ್ನುತ್ತಾರೆ. ತಮಿಳರಲ್ಲಿ ‘ಅಮ್ಮಾಡಿ’ಯೂ ಇದೆ, ‘ಅಪ್ಪಾ’ ಎಂಬುದೂ ಇದೆ. ಮರಾಠಿ ಮತ್ತು ಹಿಂದಿಗಳಲ್ಲಿ ‘ಬಾಪ್ ರೇ’ ಎಂದು ತಂದೆಯನ್ನೇ ಕರೆದರೂ, ಮರಾಠಿ ಹೆಂಗಸರು ಬೆರಗಾದಾಗ ‘ಅಗಬಾಯಿ’ ಎಂದು ಹೆಣ್ಣನ್ನು ಕರೆಯುತ್ತಾರೆ. ಆದ್ದರಿಂದ ತಂದೆಗೆ ಬೆರಗು, ತಾಯಿಗೆ ನೋವು ಎಂಬ ಪಾಲುಪಟ್ಟಿಯನ್ನು ನಿಯಮವೆಂದು ಒಪ್ಪಲಾಗದು.

ಆದರೆ ನಿಮ್ಮ ಪ್ರಶ್ನೆಯಲ್ಲಿ ಅದಕ್ಕಿಂತ ದೊಡ್ಡದೊಂದು ಸಂಗತಿ ಅಡಗಿದೆ. ಕನ್ನಡದ ಅಚ್ಚರಿಯ ಮಾತುಗಳನ್ನು ಒಂದೆಡೆ ಸೇರಿಸಿ ನೋಡಿದರೆ, ಅವುಗಳಲ್ಲಿ ಬಹುಪಾಲು ಯಾರನ್ನೋ ಕರೆಯುವ ಮಾತುಗಳೇ ಆಗಿವೆ. ಅಬ್ಬಾ, ಅಪ್ಪಾ, ಯಪ್ಪಾ ಎಂಬಲ್ಲಿ ತಂದೆ. ಯವ್ವಾ, ಅಮ್ಮಮ್ಮಾ ಎಂಬಲ್ಲಿ ತಾಯಿ. ಅಯ್ಯೋ ಎಂಬಲ್ಲಿ ಒಡೆಯ. ರಾಮ ರಾಮಾ, ಶಿವನೇ, ನಾರಾಯಣಾ ಎಂಬಲ್ಲಿ ದೇವರು. ಎಲಾ, ಎಲೆಲೇ ಎಂಬಲ್ಲಿ ಎದುರಿಗಿರುವವನೇ. ಮಾರಾಯ ಎಂಬಲ್ಲಿ ಮಹಾರಾಯ, ಅಂದರೆ ದೊಡ್ಡ ಅರಸು. ಗದುಗಿನ ಕುಮಾರವ್ಯಾಸನ ಷಟ್ಪದಿಗಳಲ್ಲಿ ‘ಶಿವಶಿವಾ’ ಎಂಬ ಉದ್ಗಾರ ಮತ್ತೆ ಮತ್ತೆ ಬರುವುದನ್ನು ಕಾವ್ಯ ಓದಿದವರೆಲ್ಲ ಬಲ್ಲರು. ಅಲ್ಲಿ ಅದು ಭಕ್ತಿಗಿಂತ ಹೆಚ್ಚಾಗಿ ಬೆರಗಿಗೂ ಮರುಕಕ್ಕೂ ದನಿಯಾಗುತ್ತದೆ. ಬರಿಯ ಸದ್ದಾಗಿ ಉಳಿದಿರುವ ‘ಆಹಾ’, ‘ಓಹೋ’ಗಳು ಈ ಪಟ್ಟಿಯಲ್ಲಿ ಅಲ್ಪಸಂಖ್ಯಾತ. ತನಗೆ ಕಂಡದ್ದನ್ನು ಇನ್ನೊಬ್ಬರಿಗೆ ತೋರಿಸದೆ ಬೆರಗು ಪಡಲು ಕನ್ನಡಿಗನಿಗೆ ಬಾರದು ಎಂದು ನಮ್ಮ ಅನಿಸಿಕೆ. ಒಪ್ಪದವರು ಬರೆದು ತಿಳಿಸಬಹುದು.

ಪ್ರಶ್ನೆ: ‘ಬೆಕ್ಕಸ ಬೆರಗಾದನು’ ಎಂದು ಓದಿದಾಗಲೆಲ್ಲ ಬೆಕ್ಕಿನ ಕಣ್ಣುಗಳ ನೆನಪಾಗುತ್ತದೆ. ಬೆಕ್ಕಸ ಎಂಬುದು ಬೆಕ್ಕಿನಿಂದ ಬಂದ ಮಾತೇ? — ವಿದ್ಯಾರ್ಥಿನಿ, ಹಾಸನ

ಉತ್ತರ: ಅಲ್ಲ. ಹಳಗನ್ನಡದಲ್ಲಿ ‘ಬೆಕ್ಕಸ’ ಎಂದರೇ ಆಶ್ಚರ್ಯ. ‘ಬೆಕ್ಕಸಂಬಡು’ ಎಂದರೆ ಆಶ್ಚರ್ಯಪಡು. ಬೆರಗು ಎಂದರೂ ಅದೇ ಅರ್ಥ. ಅರ್ಥ ಒಂದೇ ಆದ ಎರಡು ಪದಗಳನ್ನು ಜೋಡಿಸಿ ತೂಕ ಹೆಚ್ಚಿಸುವುದು ಕನ್ನಡದ ಹಳೆಯ ಚಾಳಿ. ಬೆಕ್ಕಸ ಒಂಟಿಯಾಗಿ ಬಳಕೆಯಿಂದ ಮರೆಯಾಗಿ, ಬೆರಗಿನ ಕೈ ಹಿಡಿದು ಮಾತ್ರ ಉಳಿದುಕೊಂಡಿದೆ.

ಪ್ರಾಣಿಯೇ ಬೇಕೆಂದಾದರೆ ಇಂಗು ತಿಂದ ಮಂಗ ಇದ್ದೇ ಇದೆ. ಬಾಯಿಗೆ ಹಾಕಿಕೊಂಡದ್ದನ್ನು ನುಂಗಲೂ ಆರದೆ ಉಗುಳಲೂ ತಿಳಿಯದೆ ಮುಖ ಕಿವುಚಿಕೊಂಡು ಕೂರುವ ಆ ಕೋತಿ, ಅಚ್ಚರಿಯ ಜೊತೆಗೆ ಪೆಚ್ಚುತನವೂ ಸೇರಿದ ಸ್ಥಿತಿಗೆ ಸರಿಯಾದ ಗುರುತು. ಬರಿಯ ಅಚ್ಚರಿಗೆ ಅದನ್ನು ಬಳಸಬಾರದು. ‘ಕಕ್ಕಾಬಿಕ್ಕಿ’ಯಾಗುವುದೂ ಇದರ ಹತ್ತಿರದ ನೆಂಟ, ಹಿಂದಿಯ ‘ಹಕ್ಕಾಬಕ್ಕಾ’ವನ್ನು ಅದು ನೆನಪಿಸುತ್ತದೆ. ‘ಹಾವು ತುಳಿದವನಂತೆ’ ಎಂಬುದು ಮಾತ್ರ ಬೇರೆಯೇ ಜಾತಿಯದು, ಏಕೆಂದರೆ ಅಲ್ಲಿ ಬೆಚ್ಚಿಬೀಳುವುದು ಮುಖ್ಯ, ಬೆರಗಾಗಲು ಪುರುಸೊತ್ತಿರುವುದಿಲ್ಲ.

ಪ್ರಶ್ನೆ: ‘ಊರವರೆಲ್ಲ ಮೂಗಿನ ಮೇಲೆ ಬೆರಳಿಟ್ಟುಕೊಂಡರು’ ಎನ್ನುತ್ತೇವೆ. ಕೆನ್ನೆ, ಹಣೆ, ಗಲ್ಲಗಳನ್ನು ಬಿಟ್ಟು ಮೂಗೇ ಏಕೆ? ನಿಜವಾಗಿಯೂ ಜನರು ಹಾಗೆ ಮಾಡುತ್ತಾರೆಯೇ? — ಓದುಗರು, ಶಿವಮೊಗ್ಗ

ಉತ್ತರ: ಮಾಡುತ್ತಾರೆ. ಹಿರಿಯ ಹೆಂಗಸರು ಬಾವಿಕಟ್ಟೆಯಲ್ಲೋ ಮದುವೆ ಚಪ್ಪರದಲ್ಲೋ ನಂಬಲಾಗದ ಸುದ್ದಿಯನ್ನು ಕೇಳುವಾಗ ಗಮನಿಸಿ: ತೋರುಬೆರಳು ಮಡಿಸಿದಂತಾಗಿ ತುಟಿಯ ಮೇಲೆ ಅಡ್ಡ ಬಂದು, ಅದರ ತುದಿ ಮೂಗಿಗೆ ತಾಗಿ ನಿಲ್ಲುತ್ತದೆ. ತೆರೆದುಕೊಳ್ಳುವ ಬಾಯಿಯನ್ನು ಮುಚ್ಚುವ ಸಲುವಾಗಿ ಮೇಲೆದ್ದ ಕೈ ಮೂಗಿನ ಹತ್ತಿರ ನೆಲೆ ಕಂಡುಕೊಂಡಿದೆ ಎಂದು ಊಹಿಸುವುದು ಸಹಜ.

ಚಾರ್ಲ್ಸ್ ಡಾರ್ವಿನ್ 1872ರಲ್ಲಿ ಪ್ರಕಟಿಸಿದ, ಮನುಷ್ಯ ಮತ್ತು ಪ್ರಾಣಿಗಳ ಭಾವಾಭಿವ್ಯಕ್ತಿಯನ್ನು ಕುರಿತ ಗ್ರಂಥದಲ್ಲಿ ಅಚ್ಚರಿಗೆ ಒಂದು ಅಧ್ಯಾಯದ ಮೊದಲ ಭಾಗವನ್ನು ಮೀಸಲಿಟ್ಟಿದ್ದಾರೆ. ಹುಬ್ಬು ಮೇಲೇರುವುದು ಕಣ್ಣು ಬೇಗನೆ ಅಗಲವಾಗಿ ತೆರೆಯುವುದಕ್ಕಾಗಿ. ಬಾಯಿ ತೆರೆಯುವುದು ಒಮ್ಮೆಲೇ ಆಳವಾಗಿ ಉಸಿರೆಳೆದುಕೊಳ್ಳಲು ಮತ್ತು ಸದ್ದಿಲ್ಲದೆ ಉಸಿರಾಡುತ್ತ ಗಮನವಿಟ್ಟು ಕೇಳಲು ಅನುಕೂಲವಾಗುತ್ತದೆಂಬ ಕಾರಣಕ್ಕಾಗಿ ಎಂಬುದು ಅವರ ವಾದ. ಬೆರಗಾದಾಗ ಕೈಯನ್ನು ಬಾಯಿಯ ಮೇಲೆ ಇಟ್ಟುಕೊಳ್ಳುವ ರೂಢಿ ಜಗತ್ತಿನ ಬೇರೆ ಬೇರೆ ಜನಾಂಗಗಳಲ್ಲಿ ಇರುವುದನ್ನೂ ಅವರು ದಾಖಲಿಸಿದ್ದಾರೆ. ನಮ್ಮ ‘ಹುಬ್ಬೇರಿಸು’, ‘ಬಾಯಿ ಬಿಟ್ಟುಕೊಂಡು ನೋಡು’, ‘ಬಾಯಿಯ ಮೇಲೆ ಕೈಯಿಟ್ಟುಕೊಳ್ಳು’ ಎಂಬ ನುಡಿಗಟ್ಟುಗಳು ಅದೇ ಸಂಗತಿಗಳನ್ನು ಯಾವ ಗ್ರಂಥದ ನೆರವೂ ಇಲ್ಲದೆ ಹೇಳಿಕೊಂಡು ಬಂದಿವೆ.

ಅದಕ್ಕೂ ಬಹಳ ಹಿಂದಿನ ಭರತನ ನಾಟ್ಯಶಾಸ್ತ್ರ ಎಂಟು ರಸಗಳಲ್ಲಿ ಅದ್ಭುತವನ್ನು ಒಂದಾಗಿ ಎಣಿಸಿ, ಅದಕ್ಕೆ ವಿಸ್ಮಯವನ್ನು ಸ್ಥಾಯಿಭಾವವನ್ನಾಗಿ, ಅಂದರೆ ಆ ರಸಕ್ಕೆ ಬುನಾದಿಯಾದ ಭಾವವನ್ನಾಗಿ ಹೇಳುತ್ತದೆ. ರಂಗದ ಮೇಲೆ ಅದನ್ನು ತೋರಿಸುವುದು ಹೇಗೆಂದು ಕೊಟ್ಟಿರುವ ಪಟ್ಟಿ ನಮ್ಮ ಪ್ರಶ್ನೆಗೆ ನೇರವಾಗಿ ಸಲ್ಲುತ್ತದೆ: ಕಣ್ಣು ಅಗಲಿಸುವುದು, ಎವೆಯಿಕ್ಕದೆ ನೋಡುವುದು, ರೋಮಾಂಚನ, ಕಣ್ಣೀರು, ಬೆವರು, ಹರ್ಷ, ‘ಸಾಧು ಸಾಧು’ ಎನ್ನುವುದು, ಉಡುಗೊರೆ ಕೊಡುವುದು, ಹಾಹಾಕಾರ, ತೋಳು, ಮುಖ, ಬಟ್ಟೆ, ಬೆರಳುಗಳನ್ನು ಆಡಿಸುವುದು. ‘ಎವೆಯಿಕ್ಕದೆ ನೋಡಿದನು’ ಎಂದು ಇಂದಿಗೂ ಬರೆಯುವ ಕತೆಗಾರರು ತಿಳಿದೋ ತಿಳಿಯದೆಯೋ ಭರತನ ಸೂಚನೆಯನ್ನು ಪಾಲಿಸುತ್ತಿದ್ದಾರೆ. ಅಂದಹಾಗೆ, ಅದ್ಭುತರಸಕ್ಕೆ ನಾಟ್ಯಶಾಸ್ತ್ರ ಕೊಟ್ಟಿರುವ ಬಣ್ಣ ಹಳದಿ, ಅಧಿದೇವತೆ ಬ್ರಹ್ಮ.

ಬೆರಳು ಎಲ್ಲಿ ನಿಲ್ಲಬೇಕೆಂಬುದರಲ್ಲಿ ಮಾತ್ರ ಭಾಷೆಗಳ ನಡುವೆ ಒಮ್ಮತವಿಲ್ಲ. ಕನ್ನಡ, ತೆಲುಗು, ತಮಿಳು ಮೂರರಲ್ಲಿಯೂ ಬೆರಳು ಮೂಗಿನ ಮೇಲೆಯೇ ಇರುತ್ತದೆ. ಹಿಂದಿಯವರು ಬೆರಳನ್ನು ಹಲ್ಲಿನ ಕೆಳಗೆ ಒತ್ತಿಕೊಳ್ಳುತ್ತಾರೆ. ಪಾರ್ಸಿಯಲ್ಲಿಯೂ ಅಚ್ಚರಿಗೊಂಡವನ ಬೆರಳು ಹಲ್ಲಿನಲ್ಲಿಯೇ ಇರುತ್ತದೆ, ಮತ್ತು ಪಾರ್ಸಿ, ಮೊಘಲ್ ಚಿಕಣಿ ವರ್ಣಚಿತ್ರಗಳಲ್ಲಿ ಬೆರಗಾದ ವ್ಯಕ್ತಿಯನ್ನು ಗುರುತಿಸುವುದು ತುಟಿಗೆ ತಾಗಿದ ಆ ಒಂದು ಬೆರಳಿನಿಂದಲೇ. ಮುಂದಿನ ಸಲ ಅಂಥ ಚಿತ್ರವನ್ನು ಕಂಡರೆ, ಚಿತ್ರದ ಮೂಲೆಯಲ್ಲಿ ನಿಂತು ಬೆರಳು ಕಚ್ಚುತ್ತಿರುವ ಮನುಷ್ಯನಿಗೆ ಹಸಿವಾಗಿದೆಯೆಂದು ತಿಳಿಯಬೇಡಿ.

ಪ್ರಶ್ನೆ: ಕೆಲಸದ ನಿಮಿತ್ತ ಮಂಗಳೂರಿಗೆ ಬಂದಿದ್ದೇನೆ. ಇಲ್ಲಿ ಏನು ಹೇಳಿದರೂ ‘ಹೌದಾ ಮಾರಾಯ್ರೆ!’ ಎನ್ನುತ್ತಾರೆ. ನಾನೂ ಕಲಿತು ನಮ್ಮ ಮೇಲಧಿಕಾರಿಗೆ ‘ಹೌದಾ ಮಾರಾಯಾ’ ಎಂದೆ; ಪಕ್ಕದಲ್ಲಿದ್ದವರು ನಕ್ಕರು. ಮಹಾರಾಯ ಎಂದರೆ ಗೌರವವಲ್ಲವೇ? — ಓದುಗರು, ಮೂಲತಃ ಮೈಸೂರು

ಉತ್ತರ: ಪದದಲ್ಲಿ ಅರಸನಿದ್ದಾನೆ, ಬಳಕೆಯಲ್ಲಿ ಗೆಳೆಯನಿದ್ದಾನೆ. ‘ಮಾರಾಯ’, ‘ಮಾರಾಯ್ತಿ’ ಎರಡೂ ಸಲಿಗೆಯ ಏಕವಚನ. ಸರಿಸಮಾನರಿಗೆ ಮತ್ತು ಕಿರಿಯರಿಗೆ ಸಲ್ಲುವಂಥವು. ‘ಮಾರಾಯ್ರೆ’ ಎಂಬ ಬಹುವಚನವನ್ನು ಗಂಡು ಹೆಣ್ಣೆಂಬ ಭೇದವಿಲ್ಲದೆ ಹಿರಿಯರಿಗೂ ಹೊಸಬರಿಗೂ ಹೇಳಬಹುದು. ವೇಗದ ಮಾತಿನಲ್ಲಿ ಅದು ‘ಮಾರ್ರೆ’ ಎಂದಾಗುತ್ತದೆ. ದಕ್ಷಿಣ ಕನ್ನಡ, ಉಡುಪಿಗಳಿಂದ ಮಲೆನಾಡಿನವರೆಗೆ ಇದರ ರಾಜ್ಯಭಾರ.

ಇನ್ನೊಂದು ಸೂಕ್ಷ್ಮವಿದೆ. ಅಚ್ಚರಿಯ ಕೆಲಸವನ್ನು ಅಲ್ಲಿ ‘ಹೌದಾ’ ಅಥವಾ ‘ಎಂತ’ ಎಂಬ ಪದ ಮಾಡುತ್ತದೆ. ‘ಮಾರಾಯ್ರೆ’ ಆ ಅಚ್ಚರಿಯನ್ನು ಎದುರಿನವರ ಮಡಿಲಿಗೆ ಹಾಕುತ್ತದೆ. ‘ಎಂತ ಮಳೆ ಮಾರಾಯ್ರೆ’ ಎಂದವರಿಗೆ ಮಳೆ ಎಷ್ಟು ಸೆಂಟಿಮೀಟರ್ ಬಿತ್ತೆಂಬ ಉತ್ತರ ಬೇಕಿರುವುದಿಲ್ಲ, ‘ಹೌದು ಮಾರಾಯ್ರೆ’ ಎಂಬ ಸಹಮತ ಬೇಕಿರುತ್ತದೆ. ಉತ್ತರ ಕರ್ನಾಟಕದ ‘ಖರೇನ?’ ಎಂಬುದು ಹಾಗಲ್ಲ. ಅದು ಬೆರಗಿನ ಜೊತೆಗೆ ಸಾಕ್ಷ್ಯವನ್ನೂ ಕೇಳುತ್ತದೆ. ಖರೆಯೆಂದು ಇನ್ನೊಮ್ಮೆ ಹೇಳದ ಹೊರತು ಮಾತು ಮುಂದುವರಿಯುವುದಿಲ್ಲ.

ಪ್ರಶ್ನೆ: ನಮ್ಮ ಕಡೆ ಹುಡುಗನೊಬ್ಬ ಜಾಣತನದ ಮಾತಾಡಿದರೆ ‘ಅಬ್ಬಾ, ನಿನ್ನ ಮನೆ ಹಾಳಾಗ!’ ಎಂದು ಅಜ್ಜಿಯರು ನಗುತ್ತಾ ಹೇಳುತ್ತಾರೆ. ಹೊಗಳುವಾಗ ಶಾಪವೇಕೆ? ಪಟ್ಟಣದಲ್ಲಿ ಬೆಳೆದ ನನ್ನ ಮಕ್ಕಳು ಇದನ್ನು ಕೇಳಿ ನೊಂದುಕೊಂಡರು. — ಓದುಗರು, ಮಂಡ್ಯ

ಉತ್ತರ: ಈ ತಿಂಗಳ ಪತ್ರಗಳಲ್ಲಿ ನಮಗೆ ಅತ್ಯಂತ ಮೆಚ್ಚುಗೆಯಾದ ಪ್ರಶ್ನೆ ಇದು.

ನೇರವಾಗಿ ಹೊಗಳಿದರೆ ದೃಷ್ಟಿ ತಾಗುತ್ತದೆ ಎಂಬ ನಂಬಿಕೆ ನಮ್ಮ ಹಳ್ಳಿಗಳಲ್ಲಿ ಆಳವಾಗಿ ಬೇರೂರಿದೆ. ಮುದ್ದಾದ ಮಗುವಿನ ಕೆನ್ನೆಗೆ ಕಾಡಿಗೆಯ ಬೊಟ್ಟಿಟ್ಟು ಅಂದವನ್ನು ಕೊಂಚ ಕೆಡಿಸುವುದು, ಹೊಸ ಮನೆಯ ಮುಂದೆ ಬೂದುಗುಂಬಳ ತೂಗುಹಾಕುವುದು, ಹಿಂದೆ ಹುಟ್ಟಿದ ಮಕ್ಕಳು ಉಳಿಯದಿದ್ದ ಮನೆಯಲ್ಲಿ ಕೂಸನ್ನು ತಿಪ್ಪೆಯ ಮೇಲೆ ಮಲಗಿಸಿ ಎತ್ತಿಕೊಂಡು ತಿಪ್ಪ, ತಿಪ್ಪಮ್ಮ ಎಂದು ಹೆಸರಿಡುವುದು, ಇವೆಲ್ಲ ಒಂದೇ ಆಲೋಚನೆಯ ಕವಲುಗಳು. ಬೆಲೆಬಾಳುವುದನ್ನು ಬೆಲೆಯಿಲ್ಲದ್ದರಂತೆ ತೋರಿಸಿದರೆ ಕೆಟ್ಟ ಕಣ್ಣು ಅತ್ತ ಹೊರಳದು. ‘ನಿನ್ನ ಮನೆ ಹಾಳಾಗ’ ಎಂಬುದು ನಾಲಗೆಯಿಂದ ಇಟ್ಟ ಬೊಟ್ಟು. ಅಜ್ಜಿಗೆ ಹುಡುಗನ ಮಾತು ಕೇಳಿ ಬೆರಗಾಗಿದೆ, ಹೆಮ್ಮೆಯೂ ಆಗಿದೆ; ಅದನ್ನು ಹಾಗೆಯೇ ಆಡಿದರೆ ತನ್ನ ದೃಷ್ಟಿಯೇ ತಾಗೀತೆಂಬ ಅಳುಕು ಆಕೆಗಿದೆ. ಆದ್ದರಿಂದ ಬೈಗುಳದ ಹೊದಿಕೆ.

ಇದಕ್ಕೆ ಕಟ್ಟುನಿಟ್ಟಾದ ನಿಯಮಗಳೂ ಇವೆ, ಯಾರೂ ಬರೆದಿಟ್ಟಿಲ್ಲವಷ್ಟೆ. ಹೇಳುವವರು ವಯಸ್ಸಿನಲ್ಲಿ ಹಿರಿಯರಾಗಿರಬೇಕು, ಅಥವಾ ಒಟ್ಟಿಗೆ ಆಡಿ ಬೆಳೆದ ಗೆಳೆಯರಾಗಿರಬೇಕು. ಮುಖದಲ್ಲಿ ನಗುವಿರಬೇಕು. ಮುಂದೆ ‘ಅಬ್ಬಾ’ ಅಥವಾ ‘ಎಲಾ’ ಬರಬೇಕು; ಅದಿಲ್ಲದೆ ಬರಿಯ ‘ನಿನ್ನ ಮನೆ ಹಾಳಾಗ’ ಎಂದರೆ ಜಗಳಕ್ಕೆ ನಾಂದಿಯಾದೀತು. ಸೊಸೆ ಅತ್ತೆಗೆ, ವಿದ್ಯಾರ್ಥಿ ಮೇಷ್ಟರಿಗೆ ಎಂದಿಗೂ ಹಾಗೆ ಹೇಳಲಾರರು. ‘ಎಲಾ ಕಳ್ಳಾ!’, ‘ಎಲಾ ಇವನಾ!’ ಎಂಬವೂ ಇದೇ ಗುಂಪಿನವು; ಕೊನೆಯದರಲ್ಲಿ ವಾಕ್ಯ ಅರ್ಧಕ್ಕೇ ನಿಂತಿದೆ, ಉಳಿದ ಬೈಗುಳವನ್ನು ಕೇಳುವವರೇ ತುಂಬಿಕೊಳ್ಳಬೇಕು. ಒಳ್ಳೆಯ ಸುದ್ದಿ ತಂದವರಿಗೆ ‘ನಿನ್ನ ಬಾಯಿಗೆ ಸಕ್ಕರೆ ಹಾಕ’ ಎನ್ನುವುದೂ ವ್ಯಾಕರಣದಲ್ಲಿ ಇದೇ ಅಚ್ಚಿನದು, ಹಾರೈಕೆ ಮಾತ್ರ ತಿರುಗಿದೆ. ಮಕ್ಕಳಿಗೆ ಇಷ್ಟನ್ನು ಬಿಡಿಸಿ ಹೇಳಿ. ಅಜ್ಜಿಯ ಬಾಯಲ್ಲಿ ಮತ್ತೊಮ್ಮೆ ಅದೇ ಶಾಪ ಸಿಕ್ಕಲೆಂದು ಅವರೇ ಬಯಸಿದರೂ ಆಶ್ಚರ್ಯವಿಲ್ಲ.

ಪ್ರಶ್ನೆ: ಬಹಳ ದಿನಗಳ ಮೇಲೆ ಗೆಳತಿಯ ಮನೆಗೆ ಹೋದಾಗ ‘ಇವತ್ತು ಸೂರ್ಯ ಯಾವ ದಿಕ್ಕಿನಲ್ಲಿ ಹುಟ್ಟಿದ?’ ಎಂದಳು. ಇದು ಸ್ವಾಗತವೋ, ಕುಟುಕೋ? — ಓದುಗರು, ದಾವಣಗೆರೆ

ಉತ್ತರ: ಎರಡೂ. ‘ದಾರಿ ತಪ್ಪಿ ಬಂದಿರಾ?’, ‘ಇವತ್ತು ಮಳೆ ಗ್ಯಾರಂಟಿ’ ಎಂಬವೂ ಹಾಗೆಯೇ. ನೀವು ಬಂದದ್ದು ಎಷ್ಟು ಅಪರೂಪವೆಂದರೆ ಪ್ರಕೃತಿಯ ನಿಯಮವೇ ಪಲ್ಲಟಗೊಂಡಿರಬೇಕು ಎಂಬ ಅತಿಶಯೋಕ್ತಿಯಲ್ಲಿ ಸಂತೋಷವಿದೆ, ಇಷ್ಟು ದಿನ ಏಕೆ ಬರಲಿಲ್ಲ ಎಂಬ ದೂರೂ ಇದೆ. ಕಾಫಿ ಯಾವ ವೇಗದಲ್ಲಿ ಬಂತೆಂಬುದರ ಮೇಲೆ ಪ್ರಮಾಣವನ್ನು ನಿರ್ಧರಿಸಬಹುದು. ಮಾತಾಡುತ್ತಿದ್ದವರ ನಡುವೆ, ಯಾರ ವಿಷಯ ನಡೆದಿತ್ತೋ ಅವರೇ ಬಂದು ನಿಂತಾಗ ಹೇಳುವ ‘ನೂರು ವರ್ಷ ಆಯಸ್ಸು ನಿಮಗೆ’ ಎಂಬುದರಲ್ಲಿ ಕುಟುಕಿಲ್ಲ. ಆದರೆ ಅವರ ವಿಷಯದಲ್ಲಿ ಏನು ಮಾತು ನಡೆದಿತ್ತೆಂಬುದನ್ನು ಮುಚ್ಚಿಕೊಳ್ಳಲು ಅದು ಒಳ್ಳೆಯ ಸಾಧನ.

ಪ್ರಶ್ನೆ: ನನ್ನ ಮಗ ಏನನ್ನು ಕಂಡರೂ ‘ವಾವ್’, ‘ಓ ಮೈ ಗಾಡ್’ ಎನ್ನುತ್ತಾನೆ. ಅಬ್ಬಾ, ಭಲೇ, ಶಹಬ್ಬಾಸ್ ಮೊದಲಾದ ಅಚ್ಚ ಕನ್ನಡ ಮಾತುಗಳು ಸತ್ತೇ ಹೋಗುವವೇ? — ಓದುಗರು, ಬೆಂಗಳೂರು

ಉತ್ತರ: ನಿಮ್ಮ ಪಟ್ಟಿಯಲ್ಲಿ ಅಚ್ಚ ಕನ್ನಡದ್ದು ‘ಅಬ್ಬಾ’ ಒಂದೇ. ಭಲೇ ಉತ್ತರದ ಭಾಷೆಗಳಿಂದ ಬಂದದ್ದು. ಶಹಬ್ಬಾಸ್ ಪಾರ್ಸಿಯ ‘ಶಾದ್ ಬಾಶ್’, ಅಂದರೆ ಸಂತೋಷವಾಗಿರು ಎಂಬ ಹಾರೈಕೆ. ‘ದಂಗಾದೆ’ ಎಂಬಲ್ಲಿನ ದಂಗೂ ಪಾರ್ಸಿಯದೇ. ನಿಮ್ಮ ಊರಿನವರ ಹೆಮ್ಮೆಯ ‘ಸಖತ್’ ಕೂಡ ಅಲ್ಲಿಂದಲೇ ಬಂದು, ಗಟ್ಟಿ ಎಂಬ ಅರ್ಥವನ್ನು ಬಿಟ್ಟು ಸೊಗಸು ಎಂಬ ಅರ್ಥವನ್ನು ತೊಟ್ಟಿತು. ಬಯಲಾಟದ ರಂಗದ ಮೇಲೆ ‘ಭಳಿರೇ ಪರಾಕ್ರಮ ಕಂಠೀರವಾ’ ಎಂಬ ಅಬ್ಬರವನ್ನು ಕೇಳುವಾಗ ಯಾರೂ ಪದಗಳ ಊರು ಕೇರಿ ವಿಚಾರಿಸುವುದಿಲ್ಲ. ‘ಓ ಮೈ ಗಾಡ್’ ಎಂಬುದಂತೂ ‘ಅಯ್ಯೋ ದೇವರೇ’ ಎಂಬುದರ ಜಾಡಿನಲ್ಲಿಯೇ ನಡೆಯುತ್ತದೆ. ಮನೆಯಲ್ಲಿ ಇದ್ದ ಕುರ್ಚಿಯಲ್ಲಿ ಹೊಸಬರು ಬಂದು ಕುಳಿತಂತೆ.

ನಮ್ಮ ತಕರಾರು ‘ವಾವ್’ ಬಗ್ಗೆ, ಅದೂ ಬೇರೆ ಕಾರಣಕ್ಕೆ. ಅದರಲ್ಲಿ ಮೆಚ್ಚುಗೆ ಮಾತ್ರ ಹಿಡಿಸುತ್ತದೆ. 253 ಮೀಟರ್ ಎತ್ತರದಿಂದ ಜೋಗದ ನೀರು ಧುಮುಕುವುದನ್ನು ಮಳೆಗಾಲದಲ್ಲಿ ಅಂಚಿನಲ್ಲಿ ನಿಂತು ನೋಡಿದವನಿಗೆ ಮೆಚ್ಚುಗೆಯೊಡನೆ ಭಯವೂ ಆಗುತ್ತದೆ, ತಾನು ಎಷ್ಟು ಸಣ್ಣವನೆಂಬ ಅಳುಕೂ ಆಗುತ್ತದೆ. ‘ಅಬ್ಬಬ್ಬಾ’ ಎಂಬಲ್ಲಿ ಆ ಮೂರಕ್ಕೂ ಎಡೆಯಿದೆ. ಮಗನನ್ನು ತಿದ್ದಲು ಹೋಗಬೇಡಿ. ಅವನ ಎದುರಿಗೆ ನೀವು ‘ಅಬ್ಬಬ್ಬಾ’ ಎನ್ನುವುದನ್ನು ಬಿಡದಿದ್ದರೆ ಸಾಕು. ಉದ್ಗಾರಗಳನ್ನು ಮಕ್ಕಳು ಪಾಠದಿಂದ ಕಲಿಯುವುದಿಲ್ಲ, ಮನೆಯವರು ಬೆಚ್ಚಿದಾಗ, ಹಿಗ್ಗಿದಾಗ ಕೇಳಿಸಿಕೊಂಡು ಕಲಿಯುತ್ತಾರೆ.

ಪ್ರಶ್ನೆ: ಕನ್ನಡ ಶಿಕ್ಷಕಿಯಾಗಿದ್ದೇನೆ. ‘ಅಬ್ಬಾ + ಅದು’ ಸಂಧಿಯಾಗುವುದಿಲ್ಲ ಎಂದು ಕಲಿಸುತ್ತೇನೆ. ಹಾಗಾದರೆ ‘ಅಬ್ಬಬ್ಬಾ’ ಹೇಗಾಯಿತೆಂದು ವಿದ್ಯಾರ್ಥಿಯೊಬ್ಬ ಕೇಳಿದ. ಜೊತೆಗೆ, ಮಕ್ಕಳು ಮೊಬೈಲಿನಲ್ಲಿ ‘ಅಬ್ಬಾಾಾಾ’ ಎಂದು ಬರೆಯುತ್ತಾರೆ, ಇದು ಸರಿಯೇ? — ಶಿಕ್ಷಕಿ, ಚಿತ್ರದುರ್ಗ

ಉತ್ತರ: ಆ ವಿದ್ಯಾರ್ಥಿಗೆ ನಮ್ಮ ಕಡೆಯಿಂದ ಒಂದು ಶಹಬ್ಬಾಸ್.

ಭಾವಸೂಚಕಾವ್ಯಯದ, ಅಂದರೆ ಉದ್ಗಾರದ ಪದದ ಮುಂದೆ ಸ್ವರ ಬಂದರೆ ಸಂಧಿಯಾಗದೆ ಇದ್ದಂತೆಯೇ ಉಳಿಯುವುದನ್ನು ಪ್ರಕೃತಿಭಾವ ಎನ್ನುತ್ತಾರೆ. ‘ಅಬ್ಬಾ! ಅದು ಹಾವೇ!’ ಎಂಬಲ್ಲಿ ಉದ್ಗಾರ ಒಂದು ಮಾತು, ಹಾವಿನ ಸುದ್ದಿ ಇನ್ನೊಂದು ಮಾತು. ನಡುವೆ ಉಸಿರು ನಿಲ್ಲುತ್ತದೆ, ಉಸಿರು ನಿಂತಲ್ಲಿ ಸಂಧಿಗೆ ಅವಕಾಶವಿಲ್ಲ. ‘ಅಬ್ಬಬ್ಬಾ’ ಎಂಬುದು ದ್ವಿರುಕ್ತಿ. ಒಂದೇ ಪದ ಆಶ್ಚರ್ಯದ ರಭಸದಲ್ಲಿ ಎರಡು ಸಲ ಹೊರಬಿದ್ದು, ನಡುವೆ ಉಸಿರಿಗೆ ಎಡೆಯಿಲ್ಲದೆ ಒಂದಾಗಿದೆ. ಮೊದಲ ‘ಅಬ್ಬ’ ಎಂಬುದರ ಕೊನೆಯ ಅಕಾರ ಲೋಪವಾಗಿದೆ. ಅಯ್ಯಯ್ಯೋ, ಅಕಟಕಟಾ, ಎಲೆಲೇ, ಅಮ್ಮಮ್ಮಾ ಎಲ್ಲವೂ ಹೀಗೆಯೇ. ಇಬ್ಬರು ಬೇರೆ ಬೇರೆಯಾಗಿ ‘ಅಬ್ಬಾ’, ‘ಅಬ್ಬಾ’ ಎಂದರೆ ಅಲ್ಲಿ ದ್ವಿರುಕ್ತಿಯೂ ಇಲ್ಲ, ಸಂಧಿಯೂ ಇಲ್ಲ ಎಂದು ತರಗತಿಯಲ್ಲಿ ಇಬ್ಬರು ಮಕ್ಕಳಿಂದ ಹೇಳಿಸಿಯೇ ತೋರಿಸಬಹುದು.

ದೀರ್ಘವನ್ನು ಸಾಲಾಗಿ ಬರೆಯುವ ವಿಚಾರದಲ್ಲಿ ಮಕ್ಕಳು ತಿಳಿಯದೆಯೇ ಹಳೆಯ ಹಾದಿಯಲ್ಲಿದ್ದಾರೆ. ಮೂರು ಮಾತ್ರೆಯ ಕಾಲ ಎಳೆದು ಹೇಳುವ ಸ್ವರವನ್ನು ವ್ಯಾಕರಣ ಪ್ಲುತವೆಂದು ಕರೆದು, ಅದರ ಮುಂದೆ ಮೂರರ ಅಂಕಿಯನ್ನು ಬರೆದು ಗುರುತಿಸುತ್ತದೆ. ಕೂಗಿ ಕರೆಯುವಾಗ ಬರುವ ಸ್ವರವೇ ಅದು. ಪರೀಕ್ಷೆಯಲ್ಲಿ ಪ್ಲುತಕ್ಕೆ ಅಂಕಿ ಬರೆಯಲಿ, ಪ್ರಬಂಧದಲ್ಲಿ ಒಂದು ದೀರ್ಘ ಸಾಕು, ಗೆಳೆಯರಿಗೆ ಕಳುಹಿಸುವ ಸಂದೇಶದಲ್ಲಿ ಬೆರಳಿಗೆ ದಣಿವಾಗುವವರೆಗೆ ಎಳೆದುಕೊಳ್ಳಲಿ. ಆಶ್ಚರ್ಯಸೂಚಕ ಚಿಹ್ನೆ ಮಾತ್ರ ಒಂದಕ್ಕಿಂತ ಹೆಚ್ಚು ಬೇಡ. ಅಚ್ಚುಕೂಟದೊಡನೆ ಇಂಗ್ಲಿಷಿನಿಂದ ಬಂದ ಆ ಕಡ್ಡಿಗಳನ್ನು ಸಾಲುಗಟ್ಟಿ ನಿಲ್ಲಿಸಿದ ಉತ್ತರಪತ್ರಿಕೆಗಳಲ್ಲಿ ಅಂಕ ಕಳೆಯುವ ಅಧಿಕಾರವನ್ನು ನಿಮಗೆ ನಾವು ಸಂತೋಷದಿಂದ ಒಪ್ಪಿಸುತ್ತೇವೆ.